ಗೋಲಿಯನ್ನು ಹೊರಗೆ ಕರೆಯುವ ಹೊತ್ತು

ಕಳೆದ ಚಳಿಗಾಲದ ಒಂದು ಶನಿವಾರ, ಬೆಳಿಗ್ಗೆ ಏಳು ಗಂಟೆ. ಕೆನಡಾದ ಮಿಸ್ಸಿಸಾಗಾದ ಒಂದು ಐಸ್ ರಿಂಕ್‌ನಲ್ಲಿ ಕೈಯಲ್ಲಿ ಕಾಫಿ ಹಿಡಿದು ಕೂತಿದ್ದೆ. ಐಸ್ ಹಾಕಿ ಪಂದ್ಯ, ಮಗ ಗೋಲ್ ಕಾಯುತ್ತಿದ್ದ. ಎರಡನೇ ಪೀರಿಯಡ್ ಮುಗಿಯುವ ಮೊದಲೇ ಎಂಟು ಗೋಲ್ ಬಿದ್ದಿದ್ದವು. ಆರನೆಯದು ಬಿದ್ದಾಗ ಅವನು ಒಮ್ಮೆ ಕೋಚ್ ಕಡೆ ನೋಡಿದ. ಏಳನೆಯದಕ್ಕೂ ನೋಡಿದ. ಎಂಟನೆಯದಕ್ಕೆ ನೋಡಲಿಲ್ಲ. ಬಲೆಯ ಮೇಲಿಟ್ಟಿದ್ದ ಬಾಟಲಿ ತೆಗೆದು ಮುಖಕ್ಕೆ ನೀರು ಚಿಮ್ಮಿಸಿಕೊಂಡ. ಸ್ಟಿಕ್‌ನಿಂದ ಎರಡೂ ಕಂಬಕ್ಕೆ ಟಕ್ ಟಕ್ ಅಂತ ಬಡಿದ. ಮತ್ತೆ ಬಗ್ಗಿ ನಿಂತ. ಇನ್ನೊಬ್ಬ ಗೋಲ್‌ಕೀಪರ್ ಬೆಂಚಿನಲ್ಲಿ ಟೋಪಿ ಹಾಕಿಕೊಂಡು ಆರಾಮಾಗಿ ಕೂತಿದ್ದ. ಕೋಚ್ ಮಹಾಶಯರು ಬಿಳಿ ಹಲಗೆಯ ಮೇಲೆ ಏನೋ ಗೀಚುತ್ತಿದ್ದರು.

ವಾಪಸ್ ಬರುವಾಗ ಕಾರಿನಲ್ಲಿ ಮಗ ಕೇಳಿದ್ದು ಒಂದೇ ಪ್ರಶ್ನೆ. "ಅಪ್ಪಾ, ಅವರು ನನ್ನನ್ನ ಯಾಕೆ ಹೊರಗೆ ಕರೀಲಿಲ್ಲ?"

ಏನು ಹೇಳಲಿ? ನಾನು ಆಡಿ ಬೆಳೆದಿದ್ದು ಬೀದಿ ಕ್ರಿಕೆಟ್. ಇಲ್ಲಿನವರು ಗೋಲ್‌ಕೀಪರ್‌ಗೆ ಗೋಲಿ ಅಂತಾರೆ. ಮೊದಲ ಸಲ ಕೇಳಿದಾಗ ನನಗೆ ನೆನಪಾಗಿದ್ದು ಬೀದಿಯಲ್ಲಿ ಗುಂಡಿ ತೋಡಿ ಆಡುತ್ತಿದ್ದ ಗಾಜಿನ ಗೋಲಿಗಳೇ. ಮಗ ಗೋಲಿ ಆದ ಮೇಲೆ ನಾನೂ ಈ ಆಟ ಕಲಿಯಬೇಕಾಯಿತು. ಅವತ್ತು ರಾತ್ರಿ ಉತ್ತರ ಕೊಡೋಕೆ ಬರದೆ, ಅವನ ಜೊತೆ ಕೂತು 1995ರ ಒಂದು ಹಳೆಯ ಪಂದ್ಯದ ವಿಡಿಯೊ ಹಾಕಿದೆ.

ಪಂದ್ಯದ ನಾಯಕ, ಅಥವಾ ಬಲಿ, ಪಾಟ್ರಿಕ್ ರುವಾ. ಇಂಗ್ಲಿಷಿನಲ್ಲಿ ಬರೆದದ್ದನ್ನು ನೋಡಿ ರಾಯ್ ಅಂತ ಓದಬೇಡಿ. ಅವನು ಕ್ವಿಬೆಕ್ ನಗರದ ಫ್ರೆಂಚ್ ಹುಡುಗ, ಹೆಸರು ರುವಾ. ಹುಟ್ಟಿದ್ದು 1965ರ ಅಕ್ಟೋಬರ್‌ನಲ್ಲಿ. ಹದಿಹರೆಯದಲ್ಲಿ ಗ್ರಾನ್‌ಬಿ ಎಂಬ ಊರಿನ ಸೋಲುವ ತಂಡಕ್ಕೆ ಗೋಲ್ ಕಾಯುತ್ತಿದ್ದ. ಪಂದ್ಯಕ್ಕೆ ಸರಾಸರಿ ನಾಲ್ಕು ಗೋಲ್‌ಗಿಂತ ಜಾಸ್ತಿಯೇ ಬಿಟ್ಟುಕೊಡುತ್ತಿದ್ದ. ಆದರೂ 1984ರಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡ, ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವಾಗ, ಅವನನ್ನು ಮೂರನೇ ಸುತ್ತಿನಲ್ಲಿ, 51ನೆಯವನಾಗಿ ಆರಿಸಿತು. ಅವನಿಗಿಂತ ಮುಂಚೆ 50 ಹುಡುಗರು ಆಯ್ಕೆಯಾಗಿದ್ದರು ಅಂತ ಮಗನಿಗೆ ಹೇಳಿದೆ. ಸ್ವಲ್ಪ ಮುಖ ಅರಳಿತು.

ಮುಂದಿನ ವರ್ಷ ಶೆರ್‌ಬ್ರೂಕ್‌ನ ಕೆಳ ದರ್ಜೆಯ ತಂಡದಲ್ಲಿ ಅವನಿಗೆ ಫ್ರಾನ್ಸ್ವಾ ಅಲೇರ್ ಎಂಬ ಗೋಲಿ ಕೋಚ್ ಸಿಕ್ಕರು. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ. ಗೋಲ್‌ಕೀಪರ್ ಆದಷ್ಟು ಹೊತ್ತು ನಿಂತೇ ಇರಬೇಕು ಅನ್ನುವುದು ಆಗ ಹಳಬರ ನಂಬಿಕೆ. ಅಲೇರ್ ಮತ್ತು ರುವಾ ಅದನ್ನು ತಲೆಕೆಳಗು ಮಾಡಿದರು. ಮೊಣಕಾಲು ಎರಡನ್ನೂ ಜೋಡಿಸಿ ಮಂಜಿನ ಮೇಲೆ ಕೂರುವುದು, ಕಾಲಿನ ಪ್ಯಾಡ್‌ಗಳನ್ನು ಎಡಕ್ಕೂ ಬಲಕ್ಕೂ ಚಾಚುವುದು. ನೋಡಿದರೆ ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗೆ. ಅದಕ್ಕೇ ಬಟರ್‌ಫ್ಲೈ ಅಂತ ಹೆಸರು. ಗೋಲ್‌ನ ಅಗಲ 6 ಅಡಿ, ಎತ್ತರ 4 ಅಡಿ. ಕೆಳಗಿನ ಭಾಗ ಪೂರ್ತಿ ಮುಚ್ಚಿದರೆ ಎದುರಾಳಿ ಮೇಲಕ್ಕೇ ಹೊಡೆಯಬೇಕು, ಅದು ಕಷ್ಟ. ಈ ಭಂಗಿಯನ್ನು ಮೊದಲು ಕಂಡುಹಿಡಿದವನು ರುವಾ ಅಲ್ಲ, ಗ್ಲೆನ್ ಹಾಲ್ ಎಂಬ ಹಳೆಯ ಗೋಲಿ ಅವನಿಗಿಂತ ಎಷ್ಟೋ ಮುಂಚೆ ಮಾಡಿದ್ದ. ಆದರೆ ಇವತ್ತು ನನ್ನ ಮಗನ ವಯಸ್ಸಿನ ಪ್ರತಿ ಮಗುವೂ ಹೀಗೇ ಕೂರುತ್ತದೆ ಅಂದರೆ ಅದಕ್ಕೆ ದೊಡ್ಡ ಕಾರಣ ರುವಾ. (ನಮ್ಮ ಮನೆಯ ಹಜಾರದ ಮರದ ನೆಲದ ಮೇಲೂ ಕೂರುತ್ತದೆ. ನೆಲದ ಗತಿ ಕೇಳಬೇಡಿ.)

1986ರಲ್ಲಿ, ಇಪ್ಪತ್ತನೇ ವಯಸ್ಸಿಗೆ, ಅವನು ಮಾಂಟ್ರಿಯಲ್‌ಗೆ ಲೀಗ್‌ನ ಅತಿ ದೊಡ್ಡ ಟ್ರೋಫಿಯಾದ ಸ್ಟ್ಯಾನ್ಲಿ ಕಪ್ ಗೆಲ್ಲಿಸಿ, ಆ ಕಪ್‌ಗಾಗಿ ಋತುವಿನ ಕೊನೆಗೆ ನಡೆಯುವ ಪ್ಲೇಆಫ್‌ನ ಅತ್ಯುತ್ತಮ ಆಟಗಾರನೂ ಆದ. 1993ರಲ್ಲಿ ಇನ್ನೊಮ್ಮೆ. ಆ ವರ್ಷದ ಪ್ಲೇಆಫ್‌ನಲ್ಲಿ ಮಾಂಟ್ರಿಯಲ್ ಓವರ್‌ಟೈಮ್‌ಗೆ ಹೋದ 10 ಪಂದ್ಯಗಳನ್ನು ಸತತವಾಗಿ ಗೆದ್ದಿತು. ಓವರ್‌ಟೈಮ್ ಅಂದರೆ ಒಂದು ಗೋಲ್ ಬಿದ್ದರೆ ಕಥೆ ಮುಗೀತು. ಫೈನಲ್‌ನಲ್ಲಿ ಅಂಥದ್ದೊಂದು ಓವರ್‌ಟೈಮ್ ನಡೆಯುತ್ತಿರುವಾಗ ರುವಾ ಎದುರಾಳಿ ತೋಮಸ್ ಸ್ಯಾಂಡ್‌ಸ್ಟ್ರಾಮ್ ಕಡೆ ನೋಡಿ ಕಣ್ಣು ಹೊಡೆದ! ಆ ಕಣ್ಣು ಹೊಡೆದ ದೃಶ್ಯವನ್ನು ಈ ದೇಶದ ಟಿವಿಯವರು ಇವತ್ತಿಗೂ ಬಿಟ್ಟಿಲ್ಲ.

ಈಗ ನಾವು ನೋಡಿದ ವಿಡಿಯೊಗೆ ಬರುತ್ತೇನೆ. 1995ರ ಡಿಸೆಂಬರ್ 2, ಶನಿವಾರ ರಾತ್ರಿ, ಮಾಂಟ್ರಿಯಲ್ ಫೋರಂ ಕ್ರೀಡಾಂಗಣ. ಎದುರಾಳಿ ಡೆಟ್ರಾಯಿಟ್ ರೆಡ್ ವಿಂಗ್ಸ್. ಮಾಂಟ್ರಿಯಲ್‌ನ ಕೋಚ್ ಮಾರಿಯೊ ತ್ರೆಂಬ್ಲೆ. 1986ರ ಕಪ್ ಗೆದ್ದ ತಂಡದಲ್ಲಿ ರುವಾ ಜೊತೆಗಿದ್ದವರು. ಆ ಅಕ್ಟೋಬರ್‌ನಲ್ಲಷ್ಟೇ ಕೋಚ್ ಆಗಿದ್ದರು, ಅದಕ್ಕೂ ಮುಂಚೆ ಕೋಚ್ ಆಗಿ ಅನುಭವವೇ ಇರಲಿಲ್ಲ. ಇಬ್ಬರಿಗೂ ಆಗಿಬರುತ್ತಿರಲಿಲ್ಲ.

ಗೋಲ್ ಮೇಲೆ ಗೋಲ್ ಬಿತ್ತು. ಐದಾದರೂ ತ್ರೆಂಬ್ಲೆ ಅವನನ್ನು ಹೊರಗೆ ಕರೆಯಲಿಲ್ಲ. ಏಳಾದರೂ ಕರೆಯಲಿಲ್ಲ. ನಡುವೆ ಒಂದು ಸುಲಭದ ಪಕ್ (ಚೆಂಡಿನ ಬದಲಿರುವ ರಬ್ಬರ್ ಬಿಲ್ಲೆ) ತಡೆದಾಗ ಸ್ವಂತ ಊರಿನ ಜನವೇ ವ್ಯಂಗ್ಯವಾಗಿ ಚಪ್ಪಾಳೆ ತಟ್ಟಿದರು. ರುವಾ ಎರಡೂ ಕೈ ಮೇಲೆತ್ತಿ, ಆಯ್ತು ಸಂತೋಷ ಅನ್ನುವ ಹಾಗೆ ತೋರಿಸಿದ. 26 ಹೊಡೆತಕ್ಕೆ 9 ಗೋಲ್. ಆಮೇಲೆ ಹೊರಗೆ ಕರೆದರು. ಪಂದ್ಯ ಮುಗಿದಿದ್ದು 11-1ರಲ್ಲಿ.

ಬೆಂಚಿಗೆ ಬಂದವನು ಕೋಚ್ ಮುಂದೆಯೇ ಹಾದುಹೋದ. ಒಂದು ಸಲ ಕೋಚ್ ಮುಖವನ್ನು ದುರುಗುಟ್ಟಿ ನೋಡಿದ. ತಿರುಗಿ ಬಂದು, ಬೆಂಚಿನ ಹಿಂದಿನ ಸಾಲಿನಲ್ಲಿ ಕೂತಿದ್ದ ತಂಡದ ಅಧ್ಯಕ್ಷ ರೊನಾಲ್ಡ್ ಕೋರಿಯ ಕಡೆ ಬಗ್ಗಿದ. ಮಾಂಟ್ರಿಯಲ್‌ನಲ್ಲಿ ಇದೇ ನನ್ನ ಕೊನೆಯ ಪಂದ್ಯ ಅಂದ. ಹೋಗಿ ಕೂತ.

ಮಗ ವಿಡಿಯೊ ನಿಲ್ಲಿಸಿ ಹಿಂದಕ್ಕೆ ಓಡಿಸಿದ. ರುವಾ ಗೋಲ್‌ನಿಂದ ಬೆಂಚಿನ ತನಕ ಬರುವುದನ್ನು ಮೂರು ಸಲ ನೋಡಿದ. ಏನೂ ಮಾತಾಡಲಿಲ್ಲ.

ನಾಲ್ಕು ದಿನದಲ್ಲಿ ರುವಾನನ್ನು ಕೊಲರಾಡೊ ಅವಲಾಂಚ್‌ಗೆ ಕೊಟ್ಟುಬಿಟ್ಟರು. ನಾಯಕ ಮೈಕ್ ಕೀನ್‌ನನ್ನೂ ಜೊತೆಗೆ ಕಳಿಸಿ, ಬದಲಿಗೆ ಮೂವರನ್ನು ತಗೊಂಡರು. ಇದರಲ್ಲಿ ಒಂದು ತಮಾಷೆ ಇದೆ. ಆ ಕೊಲರಾಡೊ ತಂಡ ಕೆಲವೇ ತಿಂಗಳ ಹಿಂದೆ ರುವಾನ ಹುಟ್ಟೂರಾದ ಕ್ವಿಬೆಕ್‌ನ ತಂಡವಾಗಿತ್ತು, ಮಾಂಟ್ರಿಯಲ್‌ನ ಬದ್ಧವೈರಿ. ದುಡ್ಡಿನ ಸಮಸ್ಯೆಯಿಂದ ಡೆನ್ವರ್‌ಗೆ ಗುಳೆ ಹೋಗಿತ್ತು. ಅದೇ ತಂಡಕ್ಕೆ, ಅದೇ ಋತುವಿನಲ್ಲಿ, 1996ರ ಜೂನ್‌ನಲ್ಲಿ ಅವನು ಕಪ್ ಗೆಲ್ಲಿಸಿದ. ಕೊನೆಯ ಪಂದ್ಯ ಮೂರನೇ ಓವರ್‌ಟೈಮ್‌ಗೆ ಹೋಯಿತು. ಅವನು 63 ಹೊಡೆತ ತಡೆದ, ಒಂದೂ ಬಿಡಲಿಲ್ಲ. ಮಾಂಟ್ರಿಯಲ್‌ನವರು ಆ ಬೇಸಿಗೆ ಹೇಗೆ ಕಳೆದರೋ! 1993ರ ನಂತರ ಮೂರು ದಶಕ ಕಳೆದರೂ ಆ ಊರಿಗೆ ಇನ್ನೊಂದು ಕಪ್ ಬರಲಿಲ್ಲ.

ಅವನಿಗೆ ಜಂಬ ಜಾಸ್ತಿ ಅಂತ ದೂರುವವರಿದ್ದಾರೆ. ಇತ್ತು, ಸುಳ್ಳಲ್ಲ. 2002ರ ಪ್ಲೇಆಫ್‌ನಲ್ಲಿ ಅದೇ ಡೆಟ್ರಾಯಿಟ್ ಎದುರು ಪಕ್ ಹಿಡಿದೆ ಅಂತ ಗ್ಲೌಸ್ ಎತ್ತಿ ಲೋಕಕ್ಕೆಲ್ಲ ತೋರಿಸಿದ. ತೋರಿಸುವ ಭರದಲ್ಲಿ ಪಕ್ ಜಾರಿ ಕೆಳಗೆ ಬಿತ್ತು, ಬ್ರೆಂಡನ್ ಶನಹನ್ ಅದನ್ನು ಗೋಲ್‌ಗೆ ತಳ್ಳಿದ. ಮುಂದಿನ ಪಂದ್ಯ, ಅಂದರೆ ಸರಣಿಯ ಏಳನೆಯ ಮತ್ತು ಕೊನೆಯ ಪಂದ್ಯ, 7-0 ಸೋಲು. ಆರು ಗೋಲ್ ಬಿದ್ದ ಮೇಲೆ ಅವನು ಮತ್ತೆ ಹೊರಗೆ. ಆದರೆ ಅಷ್ಟು ಹೊತ್ತಿಗೆ ಅವನು 2001ರಲ್ಲಿ ನಾಲ್ಕನೇ ಕಪ್ ಗೆದ್ದಾಗಿತ್ತು. ಪ್ಲೇಆಫ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿಯನ್ನು ಮೂರು ಸಲ ಪಡೆದವನು ಬೇರೆ ಯಾರೂ ಇಲ್ಲ. 2003ರಲ್ಲಿ ನಿವೃತ್ತನಾದಾಗ 551 ಗೆಲುವು, ಆಗಿನ ದಾಖಲೆ. ಕೊನೆಯ ಪಂದ್ಯ ಮಾತ್ರ ಡೆನ್ವರ್‌ನಲ್ಲಿ ಮಿನೆಸೋಟ ವಿರುದ್ಧ ಸೋಲು. ಏಳನೇ ಪಂದ್ಯ, ಅದೂ ಓವರ್‌ಟೈಮ್‌ನಲ್ಲಿ.

ನನಗೆ ಹೇಳಬೇಕಾಗಿರುವುದು ಇದರ ನಂತರದ್ದು.

ದೊಡ್ಡ ಗೋಲಿಗಳು ಸಾಮಾನ್ಯವಾಗಿ ಮುಖ್ಯ ಕೋಚ್ ಆಗುವುದಿಲ್ಲ. ಹೆಚ್ಚೆಂದರೆ ಗೋಲಿ ಕೋಚ್ ಆಗುತ್ತಾರೆ ಅಷ್ಟೆ. ಅವರು ತಂಡದೊಳಗಿದ್ದೂ ಒಂಟಿ, ಆಟದ ತಂತ್ರ ಅವರಿಗೇನು ಗೊತ್ತು ಅಂತ ಜನರ ಲೆಕ್ಕ. ನನಗೆ ಇದು ಮೂರ್ಖತನ ಅನಿಸುತ್ತದೆ. ಇಡೀ ಆಟವನ್ನು ಎದುರಿಗಿಟ್ಟುಕೊಂಡು ಅರವತ್ತು ನಿಮಿಷ ನೋಡುವವನು ಅವನೊಬ್ಬನೇ ಅಲ್ವಾ?

ರುವಾ ಊರಿಗೆ ಮರಳಿ ಕ್ವಿಬೆಕ್ ರೆಂಪಾರ್ಟ್ಸ್ ಎಂಬ ಹುಡುಗರ ತಂಡ ಹಿಡಿದ. ಮಾಲೀಕರಲ್ಲಿ ಒಬ್ಬ, ಮ್ಯಾನೇಜರ್, ಕೋಚ್ ಎಲ್ಲಾ ಅವನೇ. ಮೊದಲ ಋತುವಿನಲ್ಲೇ, 2006ರಲ್ಲಿ, ಹುಡುಗರ ಹಾಕಿಯ ದೊಡ್ಡ ಟ್ರೋಫಿಯಾದ ಮೆಮೋರಿಯಲ್ ಕಪ್ ಗೆದ್ದ. ಎರಡು ವರ್ಷದ ನಂತರ ಅವನ ಮಗ, ಅವನೂ ಗೋಲಿಯೇ, ಒಂದು ಪಂದ್ಯದ ಗಲಾಟೆಯಲ್ಲಿ ರಿಂಕ್‌ನ ಆ ತುದಿಗೆ ಹೋಗಿ, ಹೊಡೆದಾಡಲು ಇಷ್ಟವಿಲ್ಲದ ಎದುರಾಳಿ ಗೋಲಿಯನ್ನು ಹೊಡೆದ. ಬೆಂಚಿನಿಂದ ಅಪ್ಪ ಕೈಸನ್ನೆ ಮಾಡಿದ್ದು ಕ್ಯಾಮೆರಾದಲ್ಲಿ ಸಿಕ್ಕಿತು. ಅಪ್ಪನಿಗೆ 5 ಪಂದ್ಯದ ನಿಷೇಧ, ಮಗನಿಗೆ 7. ಅಪ್ಪನಿಗೇ ಜಾಸ್ತಿ ಕೊಡಬೇಕಿತ್ತು ಅಂತ ನನ್ನ ಅಭಿಪ್ರಾಯ. ಈ ವಿಷಯದಲ್ಲಿ ನಾನು ಅವನ ಪರ ಮಾತಾಡುವುದಿಲ್ಲ.

2013ರಲ್ಲಿ ಕೊಲರಾಡೊ ಅವನನ್ನು ಕೋಚ್ ಆಗಿ ಕರೆಯಿತು. ಹಿಂದಿನ ಋತುವಿನಲ್ಲಿ ತಂಡ 30ರಲ್ಲಿ 29ನೇ ಸ್ಥಾನದಲ್ಲಿತ್ತು. ರುವಾ ಮೊದಲು ತನ್ನ ಹಳೆಯ ಗುರು ಅಲೇರ್ ಅವರನ್ನು ಕರೆಸಿಕೊಂಡ. ಗೋಲಿ ಸೆಮ್ಯಾನ್ ವರ್ಲಾಮೊವ್ ಬೇರೆಯೇ ಆಟಗಾರನಾದ. ಮೊದಲ ಪಂದ್ಯದಲ್ಲೇ ರುವಾ ಎದುರಾಳಿ ಕೋಚ್ ಬ್ರೂಸ್ ಬುಡ್ರೊ ಜೊತೆ ಜಗಳಕ್ಕೆ ಬಿದ್ದು, ಎರಡು ಬೆಂಚಿನ ನಡುವಿನ ಗಾಜಿನ ಗೋಡೆಯನ್ನೇ ತಳ್ಳಿ ಅಲ್ಲಾಡಿಸಿಬಿಟ್ಟ. 10,000 ಡಾಲರ್ ದಂಡ. ಋತು ಮುಗಿದಾಗ 52 ಗೆಲುವು, 112 ಅಂಕ, ವರ್ಷದ ಅತ್ಯುತ್ತಮ ಕೋಚ್ ಪ್ರಶಸ್ತಿ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ವಿಷಯ. ಹಾಕಿಯಲ್ಲಿ ಸೋಲುತ್ತಿರುವ ತಂಡ ಕೊನೆಗೆ ಗೋಲಿಯನ್ನು ಹೊರಗೆ ಕರೆದು ಅವನ ಬದಲು ಆರನೇ ದಾಳಿಗಾರನನ್ನು ಇಳಿಸುತ್ತದೆ. ಗೋಲ್ ಖಾಲಿ. ಹೆಚ್ಚಿನ ಕೋಚ್‌ಗಳು ಕೊನೆಯ ಒಂದು ನಿಮಿಷದ ತನಕ ಕಾಯುತ್ತಿದ್ದರು. ರುವಾ ಎರಡೂವರೆ, ಮೂರು ನಿಮಿಷ ಇರುವಾಗಲೇ ಕರೆಯತೊಡಗಿದ. ಜನ ನಕ್ಕರು. 2014ರ ಪ್ಲೇಆಫ್, ಮಿನೆಸೋಟ ವಿರುದ್ಧ ಮೊದಲ ಪಂದ್ಯ. ಒಂದು ಗೋಲ್ ಹಿಂದೆ. ಸುಮಾರು ಮೂರು ನಿಮಿಷ ಇರುವಾಗ ವರ್ಲಾಮೊವ್ ಬೆಂಚಿಗೆ ಓಡಿಬಂದ. 13 ಸೆಕೆಂಡ್ ಉಳಿದಾಗ ಪಾಲ್ ಸ್ಟಾಸ್ಟ್ನಿ ಸಮ ಮಾಡಿದ. ಓವರ್‌ಟೈಮ್‌ನಲ್ಲೂ ಅವನೇ ಹೊಡೆದು ಗೆಲ್ಲಿಸಿದ. ಐದನೇ ಪಂದ್ಯದಲ್ಲಿ ಮತ್ತೆ ಅದೇ ಉಪಾಯ, ಮತ್ತೆ ಗೆಲುವು. 2018ರಲ್ಲಿ ಹಣಕಾಸು ಲೋಕದ ಇಬ್ಬರು ಕೂತು ಲೆಕ್ಕ ಹಾಕಿದರು. ಒಂದು ಗೋಲ್ ಹಿಂದಿದ್ದರೆ ಸುಮಾರು ಆರು ನಿಮಿಷ ಇರುವಾಗಲೇ ಗೋಲಿಯನ್ನು ತೆಗೆಯಬೇಕು ಅಂತ ಬಂತು. ನಕ್ಕವರೆಲ್ಲ ಈಗ ಎರಡು ಮೂರು ನಿಮಿಷಕ್ಕೇ ತೆಗೆಯುತ್ತಾರೆ.

ಇದನ್ನು ದಡ್ಡ ಧೈರ್ಯ ಅಂದರು, ಜೂಜು ಅಂದರು. ನನಗೆ ಹಾಗೆ ಕಾಣುವುದಿಲ್ಲ. ಬೇರೆ ಕೋಚ್‌ಗಳಿಗೆ ಖಾಲಿ ಗೋಲ್ ಅಂದರೆ ಭಯ, ಮರ್ಯಾದೆ ಹೋಗುತ್ತದೆ ಅನ್ನುವ ಭಯ. ಮೂರು ಗೋಲ್ ಜಾಸ್ತಿ ಬಿದ್ದರೆ ಪತ್ರಿಕೆಯವರು ಬರೀತಾರಲ್ಲ! ರುವಾಗೆ ಆ ಭಯ ಉಳಿದಿರಲಿಲ್ಲ. ಒಂಬತ್ತು ಗೋಲ್ ತಿಂದು ತುಂಬಿದ ಸಭೆಯಲ್ಲಿ ನಿಂತವನಿಗೆ ಇನ್ನೆಂಥ ಅವಮಾನ? ಒಬ್ಬ ಗೋಲಿಯನ್ನು ಯಾವಾಗ ಹೊರಗೆ ಕರೆಯಬೇಕು ಅನ್ನುವುದರ ಮೇಲೆ ಅವನ ಬದುಕೇ ಎರಡು ಹೋಳಾಗಿತ್ತು. ತ್ರೆಂಬ್ಲೆ ತಡ ಮಾಡಿದರು. ಇವನು ತಡ ಮಾಡಲಿಲ್ಲ.

ಅಷ್ಟಾದರೂ ಆ ಸರಣಿ ಕೈತಪ್ಪಿತು. ಏಳನೇ ಪಂದ್ಯ, ಡೆನ್ವರ್, ಎದುರಾಳಿ ಮಿನೆಸೋಟ, ಓವರ್‌ಟೈಮ್, ಸೋಲು. ಆಟಗಾರನಾಗಿ ಕೊನೆಯ ರಾತ್ರಿ ಹೇಗೆ ಮುಗಿದಿತ್ತೋ ಥೇಟ್ ಹಾಗೇ. ಮುಂದಿನ ಎರಡು ಋತು ತಂಡ ಪ್ಲೇಆಫ್‌ಗೇ ಹೋಗಲಿಲ್ಲ. 2016ರ ಆಗಸ್ಟ್‌ನಲ್ಲಿ, ತಂಡದ ನಿರ್ಧಾರಗಳಲ್ಲಿ ನನ್ನ ಮಾತಿಗೆ ಬೆಲೆ ಇಲ್ಲ ಅಂತ ರಾಜೀನಾಮೆ ಕೊಟ್ಟ. ಹೊಸ ಋತುವಿಗೆ ಎರಡೇ ತಿಂಗಳು ಇತ್ತು. ಇದು ತಪ್ಪು. ಹುಡುಗರನ್ನು ನಡುನೀರಿನಲ್ಲಿ ಬಿಟ್ಟ ಹಾಗೆ. ಆದರೆ 1995ರಲ್ಲಿ ಅಧ್ಯಕ್ಷರ ಕಡೆ ಬಗ್ಗಿದವನು ಇವನೇ, ಬದಲಾಗಿರುತ್ತಾನೆ ಅಂತ ಯಾರು ಹೇಳಿದ್ದರು? ಮತ್ತೆ ರೆಂಪಾರ್ಟ್ಸ್, 2023ರಲ್ಲಿ ಇನ್ನೊಂದು ಮೆಮೋರಿಯಲ್ ಕಪ್. 2024ರ ಜನವರಿಯಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡ ಕೋಚ್ ಆಗಿ ಕರೆಯಿತು. ಅಲ್ಲಿ ಹೋಗಿ ನೋಡಿದರೆ ಗೋಲ್‌ನಲ್ಲಿ ವರ್ಲಾಮೊವ್!

ಇಷ್ಟೆಲ್ಲ ಕಥೆಯನ್ನು ಮಗನಿಗೆ ಒಂದು ವಾರ ಕಂತು ಕಂತಾಗಿ ಹೇಳಿದೆ. ಅವನ ಕೋಚ್‌ಗೆ ನಾನೇನೂ ಹೇಳಲಿಲ್ಲ. ಹೇಳಬೇಕಿತ್ತೇನೋ.

ಎರಡು ವಾರದ ನಂತರ ಇನ್ನೊಂದು ಪಂದ್ಯ. 2-3, ಒಂದು ಗೋಲ್ ಹಿಂದೆ. ಎರಡು ನಿಮಿಷ ಇರುವಾಗ ಕೋಚ್ ಕೈ ಬೀಸಿದರು. ಮಗ ಆ ದೊಡ್ಡ ಪ್ಯಾಡ್ ಕಟ್ಟಿಕೊಂಡೇ ಬಾತುಕೋಳಿಯ ಹಾಗೆ ಕಾಲು ಅಗಲಿಸಿ ಓಡಿದ. ಅಷ್ಟು ವೇಗವಾಗಿ ಅವನು ಸ್ಕೇಟ್ ಮಾಡಿದ್ದನ್ನು ನಾನು ನೋಡೇ ಇರಲಿಲ್ಲ. ಬೆಂಚಿನ ಬಾಗಿಲಿಗೆ ಡಿಕ್ಕಿ ಹೊಡೆದು ಒಳಗೆ ಬಿದ್ದ. ಅರ್ಧ ನಿಮಿಷದಲ್ಲಿ ಎದುರಾಳಿ ಹುಡುಗನೊಬ್ಬ ಆ ತುದಿಯಿಂದ ತಳ್ಳಿದ ಪಕ್ ನಿಧಾನಕ್ಕೆ ಜಾರುತ್ತಾ ಜಾರುತ್ತಾ ಖಾಲಿ ಗೋಲ್‌ಗೆ ಹೋಯಿತು. 2-4.

ಹೊರಗೆ ಬಂದಾಗ ಮುಖ ತುಂಬಾ ನಗು. ಬ್ಯಾಗ್ ನನ್ನ ಹೆಗಲಿಗೆ ಹಾಕಿ ಹೇಳಿದ. "ಅಪ್ಪಾ, ಆ ಕೊನೇ ಗೋಲ್ ನನ್ನ ಲೆಕ್ಕಕ್ಕೆ ಬರಲ್ಲ, ಗೊತ್ತಾ?"