ಮಣೆ ಹಾಕಿದ್ದು ಯಾರಿಗೆ ಸ್ವಾಮಿ?

ಪತ್ರಿಕೆಯಲ್ಲಿ ಮತ್ತೆ ಅದೇ ತಲೆಬರಹ. 'ವಲಸಿಗರಿಗೆ ಮಣೆ, ನಿಷ್ಠಾವಂತರಿಗೆ ಕೊಕ್'. ಪಕ್ಷ ಯಾವುದು ಅಂತ ಕೇಳಬೇಡಿ. ಯಾವ ಹೆಸರು ಹಾಕಿದರೂ ಸುದ್ದಿ ಸುಳ್ಳಾಗುವುದಿಲ್ಲ. ನಿಷ್ಠಾವಂತರಿಗೆ ಮಣೆಯೇ ಇಲ್ಲ ಅನ್ನುವುದೂ ತಪ್ಪು. ಅವರಿಗೆ ಈಳಿಗೆಮಣೆ ಇದೆಯಲ್ಲ!

ನಮ್ಮಜ್ಜಿ ಮನೆಯಲ್ಲಿ ಹಲಸಿನ ಮರದ ಮಣೆಗಳು ಗೋಡೆಗೆ ಒರಗಿರುತ್ತಿದ್ದವು. ನೆಂಟರು ಕಾಲು ತೊಳೆದು ಒಳಗೆ ಬಂದರೆ ಅಜ್ಜಿ ಒಂದನ್ನು ತೆಗೆದು, ಸೆರಗಿನಲ್ಲಿ ಧೂಳು ಒರೆಸಿ, ಬಗ್ಗಿ ನೆಲಕ್ಕೆ ಇಡುತ್ತಿದ್ದಳು. ಮೂಲೆ ಚೆಕ್ಕೆ ಎದ್ದ ಒಂದು ಮಣೆ ಇತ್ತು. ಅದು ಸಾಲ ಕೇಳಲು ಬರುವ ಮಾವನಿಗೆ ಮೀಸಲು. ಆದರೂ ಅವನನ್ನು ಬರಿ ನೆಲದಲ್ಲಿ ಕೂರಿಸಿದವಳಲ್ಲ.

ಈಗ ಬಗ್ಗುವ ಕಷ್ಟವೇ ಇಲ್ಲ. ಗೌರವ ಕ್ರೇನಿನಲ್ಲಿ ಇಳಿಯುತ್ತದೆ. ಸೇಬಿನ ಹಾರ ತೂಗಾಡುತ್ತಾ ಬರುತ್ತದೆ, ನಾಯಕರು ವಾಹನದ ಮೇಲಿಂದ ಒಂದು ಬೆರಳು ತಾಗಿಸುತ್ತಾರೆ, ಮರುಕ್ಷಣ ಜನ ಮುಗಿಬಿದ್ದು ಹಣ್ಣು ಕಿತ್ತುಕೊಳ್ಳುತ್ತಾರೆ. ಇಡೀ ಕಾರ್ಯಕ್ರಮದಲ್ಲಿ ಯಾರಿಗಾದರೂ ಏನಾದರೂ ಸಿಕ್ಕಿದ್ದು ಆಗಲೇ.

ಇದಕ್ಕೆ ಮದ್ದು ಅರೆದಿಲ್ಲ ಅಂತಲ್ಲ. 2021ರ ಆಗಸ್ಟ್‌ನಲ್ಲಿ ಬೊಮ್ಮಾಯಿಯವರ ಸರ್ಕಾರ, ಸರ್ಕಾರಿ ಸಮಾರಂಭಗಳಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ಬೇಡ, ಕನ್ನಡ ಪುಸ್ತಕ ಕೊಡಿ ಅಂದಿತು. 2023ರ ಮೇನಲ್ಲಿ ಮುಖ್ಯಮಂತ್ರಿಯಾದ ಹೊಸದರಲ್ಲೇ ಸಿದ್ದರಾಮಯ್ಯನವರೂ ಹಾರ, ಶಾಲು ಬೇಡ, ಕೊಡಲೇಬೇಕು ಅನ್ನಿಸಿದರೆ ಪುಸ್ತಕ ಕೊಡಿ ಅಂದರು. ಎರಡು ಪಕ್ಷಗಳು ಜಗಳವಾಡದೆ ಒಪ್ಪಿದ ವಿಷಯ, ಅಪರೂಪ ಅಲ್ವಾ? ನಮ್ಮೂರ ವೇದಿಕೆಗೆ ಮಾತ್ರ ಸುದ್ದಿ ಇನ್ನೂ ತಲುಪಿಲ್ಲ.

ಮೊನ್ನೆ ಅಲ್ಲಿ ನಿವೃತ್ತ ಮೇಷ್ಟರೊಬ್ಬರಿಗೆ ಸನ್ಮಾನ. ಕರೆದಿದ್ದು ಹತ್ತು ಗಂಟೆಗೆ, ಅತಿಥಿಗಳು ಬಂದಿದ್ದು ಹನ್ನೆರಡೂವರೆಗೆ. ಅಷ್ಟರಲ್ಲಿ ಸ್ವಾಗತಕ್ಕೆ ನಿಂತ ಇಬ್ಬರು ಹುಡುಗಿಯರು ಬಿಸಿಲಿಗೆ ಕುಸಿದಿದ್ದರು. ಅತಿಥಿಗಳ ಹಿಂದೆ ಹಿಂಬಾಲಕರ ದಂಡು. ಕುರ್ಚಿ ಸಾಲದಾಯಿತು.

"ಮೇಷ್ಟ್ರೇ, ಸ್ವಲ್ಪ ಎದ್ದೇಳಿ, ನಮ್ಮ ಅಣ್ಣ ಕೂತ್ಕೊಳ್ಲಿ."

ಮೇಷ್ಟರು ಎದ್ದರು. ತಮ್ಮ ಸನ್ಮಾನದ ದಿನ ತಾವೇ ಪರದೆಗೆ ಒರಗಿ ನಿಂತರು. ಊರಿನ ಮಕ್ಕಳಿಗೆ ಮೂವತ್ತು ವರ್ಷ ಅಕ್ಷರ ಕಲಿಸಿದವರನ್ನು ಹೀಗೆ ನಿಲ್ಲಿಸಲು ನಾಚಿಕೆಯಾಗಬೇಡವೇ? ಕರೆಯಲೇ ಬೇಡಿ. ಮನೆಯಲ್ಲಿ ಸುಮ್ನೆ ಕಾಫಿ ಕುಡಿದುಕೊಂಡು ಇರುತ್ತಿದ್ದರು.

ಕೊನೆಗೂ ಅವರ ಸರದಿ ಬಂತು. ಶಾಲು, ಹಾರ, ಹಣ್ಣಿನ ಬುಟ್ಟಿ. ಮೈಸೂರು ಪೇಟ ದೊಡ್ಡದಾಗಿ ಕಣ್ಣಿನವರೆಗೆ ಜಾರಿತು. ಫೋಟೋ ಆಯಿತು. ಮೆಟ್ಟಿಲು ಇಳಿಯುವಾಗ ಹುಡುಗನೊಬ್ಬ ಓಡಿ ಬಂದ.

"ಸಾರ್, ಆ ಪೇಟ ಕೊಡಿ. ಬಾಡಿಗೆದು. ಇನ್ನೂ ಇಬ್ಬರಿಗೆ ಹಾಕ್ಬೇಕು."