ಬಂದವರೇ ಮನೆಯವರು, ಮನೆಯವರೇ ಪರದೇಶಿಗಳು

ಪರದೇಶಿಗಳ ಬಗ್ಗೆ ಬೈಬಲ್ ಹೇಳೋದು ತುಂಬಾ ಸರಳ. ನಿಮ್ಮ ನಡುವೆ ಇರುವ ಪರದೇಶಿಯನ್ನು ನಿಮ್ಮವನಂತೆಯೇ ನೋಡಿಕೊಳ್ಳಿ, ಈಜಿಪ್ಟಿನಲ್ಲಿ ನೀವೂ ಪರದೇಶಿಗಳೇ ಆಗಿದ್ದಿರಲ್ಲ ಅನ್ನುತ್ತದೆ ಯಾಜಕಕಾಂಡ. ಅರಣ್ಯಕಾಂಡವಂತೂ ಇಬ್ಬರಿಗೂ ಒಂದೇ ಕಾನೂನು ಅಂತ ಷರಾ ಬರೆದು ಮುಗಿಸುತ್ತದೆ. ತಪ್ಪು ತಿಳಿಯೋಕೆ ಇಲ್ಲಿ ಜಾಗವೇ ಇಲ್ಲ. ಆದರೆ ದಕ್ಷಿಣ ಆಫ್ರಿಕಾದ ಡಚ್ ರಿಫಾರ್ಮ್ಡ್ ಚರ್ಚಿನ ಬಿಳಿಯರಿಗೆ, ಇಲ್ಲದ ಕಡೆ ಜಾಗ ಮಾಡಿಕೊಳ್ಳೋದು ಮೊದಲಿನಿಂದಲೂ ಅಭ್ಯಾಸ.

1652ರಲ್ಲಿ ಯಾನ್ ಫಾನ್ ರೀಬೆಕ್ ಅನ್ನೋ ಡಚ್ಚಿನವ ಆಫ್ರಿಕಾದ ದಕ್ಷಿಣ ತುದಿಯ ಕೇಪ್‌ನಲ್ಲಿ ಬಂದಿಳಿದ. ಹೋಗಿಬರುವ ಡಚ್ ಹಡಗುಗಳಿಗೆ ನೀರು, ತರಕಾರಿ, ಮಾಂಸ ಒದಗಿಸೋಕೆ ಒಂದು ಠಾಣೆ ಬೇಕಿತ್ತು, ಅಷ್ಟೇ. ಅಲ್ಲಿ ಆಗಲೇ ಖೋಯ್‌ಖೋಯ್ ಜನ ದನ ಮೇಯಿಸಿಕೊಂಡಿದ್ದರು. ಬೈಬಲ್ ವಚನದ ಲೆಕ್ಕದಲ್ಲಿ ಬಂದವರೇ ಪರದೇಶಿಗಳು, ಅಲ್ವಾ? ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. 1913ರ ಭೂ ಕಾಯಿದೆಯ ಹೊತ್ತಿಗೆ ಕಪ್ಪು ಜನರ ಪಾಲಿಗೆ ಬಿಟ್ಟಿದ್ದು ದೇಶದ ಶೇ. 7ರಷ್ಟು ನೆಲ.

ನೆಲದ ಕತೆ ಹಾಗಿರಲಿ, ಚರ್ಚಿನ ಒಳಗೆ ಏನಾಯಿತು ನೋಡಿ. 1829ರಲ್ಲಿ ಸಿನೊಡ್, ಅಂದರೆ ಚರ್ಚಿನ ಮಹಾಸಭೆ ಸೇರಿ, ಕರ್ತನ ಭೋಜನದಲ್ಲಿ, ಅಂದರೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಯಲ್ಲಿ ಬಣ್ಣ ನೋಡಬಾರದು, ಇದು ಚರ್ಚೆಯ ವಿಷಯವೇ ಅಲ್ಲ ಅಂದಿತ್ತು. 1857ರಲ್ಲಿ ಮತ್ತೆ ಸೇರಿತು. ಎಲ್ಲರೂ ಒಂದೇ ಸಭೆಯಲ್ಲಿರುವುದೇ ಒಳ್ಳೆಯದು, ಬೈಬಲ್ ವಾಕ್ಯಕ್ಕೂ ಅದೇ ಸರಿ ಅಂತ ಮೊದಲು ಒಪ್ಪಿತು. ಆಮೇಲೆ ಬಾಲ ಬಂತು. ‘ಕೆಲವರ ದೌರ್ಬಲ್ಯ’ದಿಂದ ಕ್ರಿಸ್ತನ ಕೆಲಸಕ್ಕೆ ಅಡ್ಡಿಯಾಗುವುದಾದರೆ, ಮತಾಂತರವಾಗಿ ಬಂದವರು ಬೇರೆ ಕಟ್ಟಡದಲ್ಲಿ ಆರಾಧನೆ ಮಾಡಬಹುದು.

ಈ ಕೆಲವರು ಯಾರು ಅಂತ ಹೇಳಬೇಕಾಗಿಲ್ಲ. ಕಪ್ಪು ಮನುಷ್ಯನ ಪಕ್ಕ ಕೂತು ಅದೇ ಬಟ್ಟಲಿನಿಂದ ಕುಡಿಯೋಕೆ ಪಾಪ, ಅವರಿಗೆ ಶಕ್ತಿ ಸಾಲುತ್ತಿರಲಿಲ್ಲ. ಹೊಲ ಉಳೋಕೆ, ಅಡುಗೆ ಮಾಡೋಕೆ, ಮಗು ಎತ್ತಿಕೊಳ್ಳೋಕೆ ಅದೇ ಮನುಷ್ಯ ಹತ್ತಿರ ಬಂದರೆ ಈ ದೌರ್ಬಲ್ಯ ಕಾಣಿಸಿಕೊಂಡ ದಾಖಲೆ ಇಲ್ಲ. ಭಾನುವಾರ ಮಾತ್ರ ಬರುವ ಕಾಯಿಲೆ. ಚಿಕಿತ್ಸೆಯೂ ಅಪರೂಪದ್ದೇ: ಜ್ವರ ಬಂದವನನ್ನು ನಡುಮನೆಯಲ್ಲಿ ಮಲಗಿಸಿ, ಗಟ್ಟಿಮುಟ್ಟಾಗಿದ್ದವರನ್ನು ಕೊಟ್ಟಿಗೆಗೆ ಕಳಿಸಿದಂತೆ. 1881ಕ್ಕೆ ಬಿಳಿಯರಲ್ಲದವರಿಗೆ ಬೇರೆ ಚರ್ಚನ್ನೇ ಕಟ್ಟಿಕೊಟ್ಟು ಕೈ ತೊಳೆದುಕೊಂಡರು.

1957ರಲ್ಲಿ ಸರ್ಕಾರವೇ ಈ ವೈದ್ಯ ವೃತ್ತಿಗೆ ಇಳಿಯಿತು. ಬಿಳಿಯರ ಬಡಾವಣೆಯ ಚರ್ಚಿಗೆ ಕಪ್ಪು ಜನ ಬರುವುದರಿಂದ ಅಕ್ಕಪಕ್ಕದವರಿಗೆ ಉಪದ್ರವ ಅನ್ನಿಸಿದರೆ ಸಚಿವರು ತಡೆಯಬಹುದು ಅಂತ ಕಾನೂನು ತಂದಿತು. ಪ್ರಾರ್ಥನೆ ಉಪದ್ರವವಾದದ್ದು ಹೀಗೆ. ಕೇಪ್‌ಟೌನಿನ ಆಂಗ್ಲಿಕನ್ ಆರ್ಚ್‌ಬಿಷಪ್ ಜೆಫ್ರಿ ಕ್ಲೇಟನ್, ಇದನ್ನು ನಾವು ಪಾಲಿಸೋದಿಲ್ಲ ಅಂತ ಪ್ರಧಾನಿಗೆ ಬರೆದ ಪತ್ರಕ್ಕೆ ಸಹಿ ಹಾಕಿದರು. ಅದರ ಬೆನ್ನಲ್ಲೇ ತೀರಿಕೊಂಡರು.

1970ರ ಕಾನೂನು ಇನ್ನೂ ಮಜಾ. ಕಪ್ಪು ಜನರೆಲ್ಲ ಯಾವುದಾದರೊಂದು ‘ಹೋಮ್‌ಲ್ಯಾಂಡ್’ನ, ಅಂದರೆ ಅವರಿಗೆಂದು ಸರ್ಕಾರ ಗೆರೆ ಎಳೆದುಕೊಟ್ಟ ಪ್ರದೇಶದ ಪ್ರಜೆಗಳು ಅಂತ ಬರೆದಿಟ್ಟರು. 1976ರಲ್ಲಿ ಖೋಸಾ ಜನರ ಹೋಮ್‌ಲ್ಯಾಂಡ್ ಟ್ರಾನ್ಸ್‌ಕೈಗೆ ‘ಸ್ವಾತಂತ್ರ್ಯ’ ಕೊಟ್ಟಾಗ, ಜೋಹಾನ್ಸ್‌ಬರ್ಗಿನಲ್ಲೇ ಹುಟ್ಟಿ ಬೆಳೆದ ಖೋಸಾ ಮನುಷ್ಯನೂ ರಾತ್ರೋರಾತ್ರಿ ಪರದೇಶಿಯಾದ. ಸರಿ ಸ್ವಾಮಿ, ನೀವೇ ಕಾಗದದ ಮೇಲೆ ಪರದೇಶಿ ಮಾಡಿದಿರಲ್ಲ, ಈಗಲಾದರೂ ಯಾಜಕಕಾಂಡದ ಮಾತು ಅವನಿಗೆ ಅನ್ವಯಿಸಬೇಕು ತಾನೇ? ಊಹೂಂ. ಪಾದ್ರಿಗಳು ಅಷ್ಟರಲ್ಲಿ ಆದಿಕಾಂಡದ ಬಾಬೆಲ್ ಗೋಪುರ ಹತ್ತಿ ಕೂತಿದ್ದರು. ದೇವರೇ ಭಾಷೆ ಬೇರೆ ಮಾಡಿ ಜನರನ್ನು ಚದುರಿಸಿದ ಮೇಲೆ ಸೇರಿಸೋಕೆ ನಾವ್ಯಾರು ಅನ್ನೋ ಧಾಟಿಯ ವರದಿಯೊಂದನ್ನು 1974ರಲ್ಲಿ ಚರ್ಚು ಒಪ್ಪಿಕೊಂಡಿತ್ತು. ಬೈಬಲ್ ಓದಿರಲಿಲ್ಲ ಅಂತ ಯಾರೂ ದೂರುವ ಹಾಗಿಲ್ಲ.

1986ರಲ್ಲಿ ಕೊನೆಗೂ ಸಿನೊಡ್, ಬಾಗಿಲು ಎಲ್ಲರಿಗೂ ತೆರೆದಿದೆ ಅಂದಿತು. ಆ ಕೆಲವರಿಗೆ ತಡೆಯಲಾಗಲಿಲ್ಲ. ಮರುವರ್ಷವೇ ಎದ್ದು ಹೋಗಿ, ಬಿಳಿಯರಿಗೆ ಮಾತ್ರ ಅಂತ ಹೊಸ ಚರ್ಚು ಕಟ್ಟಿಕೊಂಡರು. ದೌರ್ಬಲ್ಯ ಇದ್ದವರೇ ಬೇರೆ ಕಟ್ಟಡಕ್ಕೆ ಹೋಗಬೇಕು ಅನ್ನೋದು ಅವರಿಗೆ ಹೊಳೆಯೋಕೆ 130 ವರ್ಷ ಹಿಡಿಯಿತು.