ಬೆಂಚಿನ ಅಡಿಭಾಗ

ತಪಸ್ಸುಕಾಲದಲ್ಲಿ ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಚರ್ಚಿನಿಂದ ಫೋನ್ ಬಂತು. ಹೆಂಚು ಒಡೆದು ಸೋರಿ ಸೋರಿ ಮೂರನೇ ಸಾಲಿನ ಬೆಂಚಿನ ಕಾಲು ಲಡ್ಡು ಹಿಡಿದಿದೆ, ಈಸ್ಟರ್ ಒಳಗೆ ಸರಿ ಮಾಡಿಕೊಡಿ ಅಂದರು. ಉಳಿ, ಕೊಡತಿ, ಕೈಗರಗಸ ಚೀಲಕ್ಕೆ ಹಾಕಿಕೊಂಡು ಶಿವಮೊಗ್ಗದಿಂದ ಬೆಳಗಿನ ಬಸ್ಸು ಹತ್ತಿದೆ. ಗಾಜನೂರು, ಮಂಡಗದ್ದೆ ದಾಟಿ ಹೋಗುವಾಗ ತುಂಗೆ ಆಗಾಗ ಪಕ್ಕಕ್ಕೆ ಬಂದು ಮರೆಯಾಗುತ್ತಿದ್ದಳು. ಒಂದು ಕಾಲು ಬದಲಾಯಿಸಲು ಎಷ್ಟು ಹೊತ್ತು, ಮಧ್ಯಾಹ್ನದ ಬಸ್ಸಿಗೆ ವಾಪಸ್ ಬರಬಹುದು ಅಂದುಕೊಂಡಿದ್ದೆ.

ಇಬ್ಬರು ಹಿಡಿದು ಬೆಂಚನ್ನು ಬೋರಲು ಹಾಕಿದೆವು. ಆಮೇಲೆ ಸುಮಾರು ಹೊತ್ತು ನಾನು ಉಳಿ ಮುಟ್ಟಲಿಲ್ಲ.

ಕೂರುವ ಹಲಗೆಯ ಅಡಿಭಾಗಕ್ಕೂ ಕೀಸುಳಿ ಹಿಡಿದಿದ್ದರು. ಸಾಧಾರಣವಾಗಿ ಅಡಿಯನ್ನು ಗರಗಸದ ಗೀರು ಸಮೇತ ಬಿಟ್ಟುಬಿಡುತ್ತೇವೆ, ಯಾರೂ ಕೇಳುವುದಿಲ್ಲ. ಇಲ್ಲಿ ಈ ತುದಿಯಿಂದ ಆ ತುದಿವರೆಗೆ ಅಂಗೈ ಆಡಿಸಿದರೂ ಒಂದು ಸಿಬಿರು ಚುಚ್ಚಲಿಲ್ಲ. ಕಬ್ಬಿಣದ ಮೊಳೆ ಒಂದೂ ಇಲ್ಲ, ಎಲ್ಲ ಬಿದಿರ ಮೊಳೆ. ನಮ್ಮ ಕಡೆಯ ಥಂಡಿಗೆ ಕಬ್ಬಿಣ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ತಿಂದುಹಾಕುತ್ತದೆ ಅನ್ನುವುದು ಆ ಕೈಗೆ ಗೊತ್ತಿತ್ತು. ಪ್ರತಿ ಕಚ್ಚಿನ ಎರಡೂ ಬದಿಗೆ ಉಳಿಯ ಮೊನೆಯಲ್ಲಿ ಸಣ್ಣಗೆ ಕನ್ನಡ ಅಂಕಿ ಗೀರಿದ್ದರು: ೧, ೨, ೩, ೪. ಕೈಯಲ್ಲಿ ಕೊರೆದ ಕಚ್ಚು ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ತನ್ನ ತೂತಿಗೆ ಮಾತ್ರ ಬಿಗಿಯಾಗಿ ಕೂರುತ್ತದೆ, ಅದಕ್ಕೆ ಆ ಗುರುತು. ಲಡ್ಡು ಹಿಡಿದಿದ್ದು ನಾಲ್ಕನೆಯದು.

ಹೆಸರು ಹುಡುಕಿದೆ, ಎಲ್ಲೂ ಇರಲಿಲ್ಲ. ಹಿರಿಯರೊಬ್ಬರನ್ನು ಕೇಳಿದರೆ, ‘ನಾನು ಚಿಕ್ಕಂದಿನಲ್ಲಿ ಹೊಸ ಪರಮಪ್ರಸಾದ ತಗೊಂಡಾಗಲೂ ಇದೇ ಬೆಂಚು’ ಅಂದರು. ನಮ್ಮ ಶಿವಮೊಗ್ಗ ಧರ್ಮಪ್ರಾಂತ್ಯ ಹುಟ್ಟಿದ್ದೇ 1988ರಲ್ಲಿ. ಬೆಂಚಿಗೆ ಅದಕ್ಕಿಂತ ವಯಸ್ಸು ಹೆಚ್ಚು.

ಇದನ್ನು ಬರೆಯಲು ಕಾರಣ ಮೊನ್ನೆ ಕಳೆದ ದೈವಕರೆ ಭಾನುವಾರ. ಈಸ್ಟರ್ ಕಾಲದ ನಾಲ್ಕನೇ ಭಾನುವಾರ ದೈವಕರೆಗಾಗಿ ಪ್ರಾರ್ಥಿಸುವ ಪದ್ಧತಿ 1964ರಿಂದ ನಡೆದುಬಂದಿದೆ. ನಮ್ಮಲ್ಲಿ ಆ ದಿನ ಯುವಕರು ಗುರುಗಳಾಗಲಿ, ಯುವತಿಯರು ಕನ್ಯಾಸ್ತ್ರೀಯರಾಗಲಿ ಎಂದು ಬೇಡುತ್ತೇವೆ. ಬೇಡಲೇಬೇಕು, ನಾನೂ ಮನಸಾರೆ ಆಮೆನ್ ಅಂದೆ. ಆದರೆ ‘ನಿನಗೆ ದೈವಕರೆ ಇದೆಯಾ’ ಎಂದು ಹುಡುಗನನ್ನು ಕೇಳಿದರೆ ನಮ್ಮಲ್ಲಿ ಗುರುವಾಗಲು ಸೆಮಿನರಿಗೆ ಹೋಗುತ್ತೀಯಾ ಅಂತಲೇ ಅರ್ಥ. ಇಲ್ಲ ಅಂದವನು ಹೊಟ್ಟೆಪಾಡಿಗೆ ಏನೋ ಮಾಡಿಕೊಳ್ಳುತ್ತಾನೆ ಎಂದು ಬಿಟ್ಟುಬಿಡುತ್ತೇವೆ. ಅಲ್ಲಮನೂ ಅಕ್ಕನೂ ಹುಟ್ಟಿದ ಜಿಲ್ಲೆಯವರು ನಾವು. ಕಾಯಕ ಎಂಬ ಮಾತು ಇಲ್ಲಿನ ಮಣ್ಣಲ್ಲೇ ಇರುವಾಗ ನಮ್ಮ ಕರೆ ಪೀಠದ ಮೆಟ್ಟಿಲಿಗೇ ಯಾಕೆ ನಿಂತುಬಿಟ್ಟಿತು?

ಮಾರ್ಕನ ಶುಭಸಂದೇಶದ 6ನೇ ಅಧ್ಯಾಯ ತೆಗೆದು ನೋಡಿ. ನಜರೇತಿನವರು ಯೇಸುವಿನ ಬಗ್ಗೆ ‘ಇವನು ಆ ಬಡಗಿಯಲ್ಲವೇ’ ಎಂದು ಮೂಗು ಮುರಿಯುತ್ತಾರೆ. ಬೋಧನೆ ಶುರುಮಾಡುವಾಗ ಅವರಿಗೆ ಸುಮಾರು 30 ವರ್ಷ ಎಂದು ಲೂಕ ಹೇಳುತ್ತಾನೆ. ಅದಕ್ಕೆ ಹಿಂದಿನ ಅಷ್ಟೂ ಕಾಲ ಆ ಕೈ ಏನು ಮಾಡಿತು ಎಂಬುದಕ್ಕೆ ಒಂದು ಸ್ಟೂಲೂ ಉಳಿದಿಲ್ಲ. ಪ್ಯಾಲೆಸ್ಟೈನಿನಲ್ಲೇ ಹುಟ್ಟಿದ 2ನೇ ಶತಮಾನದ ಸಂತ ಜಸ್ಟಿನ್ ಮಾತ್ರ, ಯೇಸು ನೇಗಿಲು ಮತ್ತು ನೊಗ ಮಾಡುತ್ತಿದ್ದರು ಎಂದು ಬರೆದಿದ್ದಾರೆ.

ನೊಗ ಎಂದ ಕೂಡಲೇ ನನಗೆ ಅಜ್ಜ ಕಣ್ಣಿಗೆ ಬರುತ್ತಾರೆ. ಅಜ್ಜ ನೊಗ ಕೆತ್ತಿ ಮುಗಿಸಿದ ಮೇಲೆ ಅದರ ಕೆಳಮೈಯನ್ನು ತಮ್ಮ ಕುತ್ತಿಗೆಗೆ ಉಜ್ಜಿ ನೋಡುತ್ತಿದ್ದರು. ಮೇಲ್ಮೈ ರೈತನಿಗೆ ಕಾಣುತ್ತದೆ, ಕೆಳಮೈ ಎತ್ತಿಗೆ ಮಾತ್ರ ಗೊತ್ತಾಗುತ್ತದೆ. ಅಲ್ಲಿ ಒಂದು ಗಂಟು ಉಳಿದರೂ ಗದ್ದೆ ಕೆಸರಿನಲ್ಲಿ ನಾಲ್ಕು ದಿನ ಹೂಡುವಷ್ಟರಲ್ಲಿ ಹೆಗಲು ಹುಣ್ಣಾಗುತ್ತದೆ, ಎತ್ತು ಬಂದು ದೂರು ಹೇಳುವುದಿಲ್ಲ. ‘ನನ್ನ ನೊಗ ಮೃದುವಾದದ್ದು’ ಎಂಬ ಯೇಸುಸ್ವಾಮಿಯ ಮಾತು ಓದಿದಾಗಲೆಲ್ಲ ಇದನ್ನು ಹೇಳಿದ್ದು ನೊಗ ಮಾಡಿದ ಕೈ ಎಂದು ನನಗೆ ಅನ್ನಿಸುತ್ತದೆ.

ನನ್ನ ತಪ್ಪೊಂದನ್ನೂ ಹೇಳಬೇಕು. ಇಪ್ಪತ್ತು ವರ್ಷದ ಹಿಂದೆ ಸಾಗರದ ಹತ್ತಿರ ಒಂದು ಮನೆಗೆ ಹಲಸಿನ ಬಾಗಿಲು ಮಾಡಿದ್ದೆ. ಮರ ಉದ್ದಕ್ಕೆ ಹೆಚ್ಚುಕಡಿಮೆ ಅಲ್ಲಾಡುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಆಷಾಢದಲ್ಲಿ ತೇವ ಕುಡಿದು ಉಬ್ಬಿದ್ದು ಮಾಘದ ಒಣಹವೆಗೆ ಸೊರಗುತ್ತದೆ. ಅದಕ್ಕೇ ಚೌಕಟ್ಟಿನ ಗ್ರೂವಿನೊಳಗೆ ನಡುಹಲಗೆಗೆ ಒಂದೆರಡು ನೂಲು ಜಾಗ ಬಿಡಬೇಕು, ಅಂಟು ಹಾಕಬಾರದು. ಆ ಜಾಗ ಹೊರಗೆ ಕಾಣುವುದಿಲ್ಲ, ಬಿಟ್ಟಿದ್ದೀಯಾ ಎಂದು ಯಾವ ಯಜಮಾನನೂ ಕೇಳುವುದಿಲ್ಲ. ನನಗೆ ಮರ ಇನ್ನೂ ಹಸಿ ಎಂದು ಗೊತ್ತಿತ್ತು. ಗೃಹಪ್ರವೇಶಕ್ಕೆ ದಿನ ಇರಲಿಲ್ಲ, ಹಲಗೆ ಗಡಗಡ ಅನ್ನಬಾರದು ಎಂದು ಸುತ್ತಲೂ ಅಂಟು ತುಂಬಿ ಕೂರಿಸಿದೆ. ಬಂದವರೆಲ್ಲ ಬಾಗಿಲು ಸವರಿ ಹೊಗಳಿದರು. ಮುಂದಿನ ಫೆಬ್ರವರಿಯಲ್ಲಿ ಹಲಗೆ ಮೇಲಿಂದ ಕೆಳಗೆ ಸೀಳಿತು. ಹೋಗಿ ನೋಡಿದಾಗ ಆ ಮನೆಯ ಅಜ್ಜಿ ಸೀಳಿಗೆ ಹಳೆಸೀರೆಯ ಚೂರು ತುರುಕುತ್ತಿದ್ದರು. ಬೈಯಲಿಲ್ಲ. ‘ಮಳೆಗಾಲ ಬಂದ್ರೆ ಕೂಡ್ಕಳತ್ತೇನಪ್ಪ?’ ಎಂದು ಕೇಳಿದರು, ಅಷ್ಟೇ. ಇಲ್ಲಮ್ಮ, ತಪ್ಪು ನನ್ನದು ಅಂದು ಒಣಗಿದ ಮರ ತಂದು ಬೇರೆ ಹಲಗೆ ಕೂರಿಸಿಕೊಟ್ಟೆ. ಆ ವರ್ಷ ಪಾಪನಿವೇದನೆಯಲ್ಲಿ ಮೊದಲು ಹೇಳಿದ್ದು ಆ ಅಂಟಿನ ವಿಷಯ.

ಮಾಡುವುದನ್ನೆಲ್ಲ ಮನುಷ್ಯರಿಗೆಂದಲ್ಲ, ಪ್ರಭುವಿಗೆಂದು ಮನಃಪೂರ್ವಕ ಮಾಡಿ ಎಂದು ಪೌಲ ಕೊಲೊಸ್ಸೆಯವರಿಗೆ ಬರೆದ ಮಾತು ಚಿಕ್ಕಂದಿನಿಂದ ಕೇಳಿದ್ದೆ. ಬರೆದವನು ಸ್ವತಃ ಗುಡಾರದ ಕೆಲಸದವನು. ನನಗೆ ಅದು ಅರ್ಥವಾಗಿದ್ದು ಆ ಸೀರೆಚೂರು ನೋಡಿದ ಮೇಲೆ.

ಹೆಸರು ಹಾಕುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಬೇಲೂರಿಗೆ ಹೋಗಿ ಮದನಿಕೆಯರನ್ನು ಕೆತ್ತಿ ಕಲ್ಲಿನ ಮೇಲೆ ಹೆಸರು ಬಿಟ್ಟರು. ಅದನ್ನು ಓದುವಾಗ ನಮಗೂ ಹೆಮ್ಮೆ. ವಿಮೋಚನಕಾಂಡದಲ್ಲಿ ದೇವರೇ ಬೆಚಲೇಲನೆಂಬ ಕುಶಲಕರ್ಮಿಯನ್ನು ಹೆಸರು ಹಿಡಿದು ಕರೆದು, ಅವನಲ್ಲಿ ನನ್ನ ಆತ್ಮವನ್ನು ತುಂಬಿಸಿದ್ದೇನೆ ಅನ್ನುತ್ತಾರೆ. ಆತ್ಮ ಯಾತಕ್ಕೆ? ಚಿನ್ನ, ಬೆಳ್ಳಿ, ಕಂಚಿನ ಕೆಲಸಕ್ಕೆ, ಮರ ಕೆತ್ತುವುದಕ್ಕೆ. ನನಗೆ ಸಂಕಟವಾಗುವುದು ಒಂದೇ ವಿಷಯಕ್ಕೆ. ಬೆಂಚಿಗೆ ದುಡ್ಡು ಕೊಟ್ಟವರ ಹೆಸರನ್ನು ನಾವು ಪೇಂಟಿನಲ್ಲಿ ಬರೆಸುತ್ತೇವೆ, ಅದರ ಅಡಿಯನ್ನೂ ಕೀಸಿದವನಿಗೆ ಒಂದು ಪ್ರಾರ್ಥನೆಯನ್ನೂ ಹೇಳುವುದಿಲ್ಲ.

ಮೇ 1 ಹತ್ತಿರ ಬಂತು, ಕಾರ್ಮಿಕ ಸಂತ ಜೋಸೆಫರ ಹಬ್ಬ. 1955ರಲ್ಲಿ ಪೋಪ್ 12ನೇ ಪಯಸ್ ಇದನ್ನು ಸ್ಥಾಪಿಸಿದರು. ನನ್ನ ಪಕ್ಕದ ಶೆಡ್ಡಿನ ಆಚಾರ್ರು ಆಯುಧಪೂಜೆಯ ಹಿಂದಿನ ದಿನ ಒಂದೊಂದು ಉಳಿಯನ್ನೂ ಮಸೆದು, ಎಣ್ಣೆ ಒರೆಸಿ, ಮಗುವನ್ನು ಮಲಗಿಸಿದ ಹಾಗೆ ಬಟ್ಟೆಯ ಮೇಲೆ ಸಾಲಾಗಿ ಇಡುತ್ತಾರೆ. ಅದನ್ನು ನೋಡುವಾಗ ಪ್ರತಿ ವರ್ಷ ಗಂಟಲು ಕಟ್ಟುತ್ತದೆ. ನಮ್ಮ ಧರ್ಮಕೇಂದ್ರಗಳಲ್ಲೂ ಮೇ 1ರ ಬಲಿಪೂಜೆಗೆ ಅವರವರ ಸಾಮಾನು ತರಲಿ ಎಂದು ಗುರುಗಳನ್ನು ಕೇಳಿಕೊಳ್ಳುತ್ತೇನೆ. ಗಾರೆಯವನ ಕರಣೆ, ಅಡಕೆ ಸುಲಿಯುವ ತಾಯಂದಿರ ಮೆಟ್ಟುಗತ್ತಿ, ಪೀಠದ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಕ್ಕನ ಇಸ್ತ್ರಿಪೆಟ್ಟಿಗೆ ಕಾಣಿಕೆಯ ಹೊತ್ತಿಗೆ ಮುಂದೆ ಬರಲಿ. ಹುಡುಗರು ನೋಡಲಿ.

ಆ ದಿನ ಮಧ್ಯಾಹ್ನದ ಬಸ್ಸು ತಪ್ಪಿತು. ಹಳೇ ಕಾಲಿನ ಅಳತೆ ತೆಗೆದು, ಒಣ ಹೊನ್ನೆಯಲ್ಲಿ ಹೊಸದು ಕಡೆದು, ಕಚ್ಚನ್ನು ಮೂರು ಸಲ ಹಾಕಿ ತೆಗೆದು ಸವರಿದೆ. ಉಳಿಯ ಮೊನೆಯಲ್ಲಿ ೪ ಎಂದು ಗೀರಿ ಕೂರಿಸಿ ಬಿದಿರ ಮೊಳೆ ಹೊಡೆದೆ. ಮೇಲಿನ ಹೆಂಚನ್ನೂ ಬದಲಾಯಿಸಿದ್ದಾರೆ. ಮುಂಗಾರು ಹಿಡಿದ ಮೇಲೆ ಒಂದು ಭಾನುವಾರ ಹೋಗಿ, ಮೂರನೇ ಸಾಲಿನಲ್ಲೇ ಕೂತು, ಸ್ವಲ್ಪ ಅಲ್ಲಾಡಿಸಿ ನೋಡಿ ಬರಬೇಕು.